ಲೂಥರ್‌ಗೂ ಮೊದಲೇ ಬಾಯಿ ಬಿಟ್ಟವರು

ಓದುಗರ ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ‘ಲೂಥರ್‌ಗೂ ಮೊದಲು ಚರ್ಚಿನ ಅಕ್ರಮದ ಬಗ್ಗೆ ಯಾರೂ ತುಟಿ ಪಿಟಕ್ ಅನ್ನಲಿಲ್ಲ’ ಎಂದು ಬರೆದಿದ್ದೀರಿ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದವನು ನಾನು. ನಾನೂ ಪಾಠವನ್ನು ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ದನಿ ಎತ್ತಿದ 1517ರಿಂದಲೇ ಶುರು ಮಾಡುತ್ತಿದ್ದೆ. ಅಲ್ಲಿಯವರೆಗೆ ನಿಜಕ್ಕೂ ಎಲ್ಲರೂ ಸುಮ್ಮನಿದ್ದರಾ? ಒಳಗಿದ್ದವರ ಕಣ್ಣಿಗೇ ಬೀಳಲಿಲ್ಲವೇ?

ಉತ್ತರ: ಮೇಷ್ಟ್ರೇ, ತಪ್ಪು ನನ್ನದು. ಆ ಸಾಲು ಲೇಖಕರದ್ದಲ್ಲ. ಪುಟ ಸಾಲದೆ ಎರಡು ಪ್ಯಾರಾ ಕತ್ತರಿಸಿ, ಅದನ್ನು ತುರುಕಿದವನು ನಾನು. ಕತ್ತರಿ ಬಿದ್ದದ್ದು ಯಾನ್ ಹುಸ್ ಮೇಲೆ. ಆ ಸಾಲ ಇಲ್ಲಿ ತೀರಿಸುತ್ತೇನೆ.

ಹುಸ್ ಬೊಹೆಮಿಯದ ಪಾದ್ರಿ. ಈಗಿನ ಚೆಕ್ ದೇಶ ಅದು. 1402ರಿಂದ ಪ್ರಾಗ್ ನಗರದ ಬೆತ್ಲೆಹೆಮ್ ಚಾಪೆಲ್‌ನಲ್ಲಿ ಜನರ ಮಾತಾದ ಚೆಕ್ ಭಾಷೆಯಲ್ಲೇ ಪ್ರವಚನ ಮಾಡುತ್ತಿದ್ದರು. ಆಗ ಯುರೋಪಿನಲ್ಲಿ ಪೋಪ್‌ಗಳದ್ದೇ ಗೊಂದಲ. 1378ರಿಂದ ಇಬ್ಬರಿದ್ದರು. ಜಗಳ ಬಗೆಹರಿಸಲು ಹೋಗಿ 1409ರಲ್ಲಿ ಮೂವರಾದರು! ಅವರಲ್ಲಿ 23ನೇ ಜಾನ್ ಎನ್ನಿಸಿಕೊಂಡವನಿಗೆ ನೇಪಲ್ಸಿನ ರಾಜನ ಮೇಲೆ ಯುದ್ಧ ಮಾಡಬೇಕಿತ್ತು. ದುಡ್ಡಿಗಾಗಿ 1412ರಲ್ಲಿ ಪ್ರಾಗ್‌ನಲ್ಲಿ ಪಾಪವಿಮೋಚನಾ ಪತ್ರಗಳ (ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಮಾಫಿ ಎನ್ನುವ ಚರ್ಚಿನ ಚೀಟಿಗಳ) ಮಾರಾಟ ನಡೆಯಿತು. ಬಂದದ್ದರಲ್ಲಿ ಅಲ್ಲಿನ ರಾಜನಿಗೂ ಪಾಲು. ಹುಸ್ ನೇರವಾಗಿಯೇ ವಿರೋಧಿಸಿದರು. ಚರ್ಚಿನಲ್ಲೇ ಎದ್ದು ಇದು ಮೋಸ ಎಂದ ಮೂವರು ಹುಡುಗರ ತಲೆಯನ್ನು ನಗರದ ಆಡಳಿತದವರು ಕಡಿಸಿದರು. ಜನ ಆ ಹೆಣಗಳನ್ನು ಹೊತ್ತು ತಂದದ್ದು ಬೆತ್ಲೆಹೆಮ್ ಚಾಪೆಲ್‌ಗೆ.

ನೀವು ಕೇಳಿದ ಎರಡನೇ ಪ್ರಶ್ನೆ ಇನ್ನೂ ಜಾಸ್ತಿ ಕುತೂಹಲದ್ದು. ಒಳಗಿನವರಿಗೆ ಎಲ್ಲವೂ ಕಾಣುತ್ತಿತ್ತು. ಚರ್ಚನ್ನು ಸರಿಪಡಿಸಬೇಕು ಅಂತಲೇ 1414ರಲ್ಲಿ ಈಗಿನ ಜರ್ಮನಿಯ ಕಾನ್‌ಸ್ಟನ್ಸ್ ಊರಿನಲ್ಲಿ ದೊಡ್ಡ ಸಭೆ ಸೇರಿತು. ಆ ಸಭೆ 1415ರ ಮೇ 29ರಂದು ಇದೇ ಜಾನ್‌ನನ್ನು ಪೋಪ್ ಪದವಿಯಿಂದ ಇಳಿಸಿತು. ಜುಲೈ 6ರಂದು ಹುಸ್‌ರನ್ನು ಸುಡಿಸಿತು. ಪತ್ರ ಮಾರಿಸಿದವನೂ ತಪ್ಪಿತಸ್ಥ, ಬೇಡ ಎಂದವರೂ ತಪ್ಪಿತಸ್ಥರು. ಇದೆಂಥಾ ನ್ಯಾಯ, ಅಲ್ವಾ?

ನನಗೆ ತೋಚುವುದಿಷ್ಟು. ಪೋಪ್ ಕೆಟ್ಟವನು ಎಂದರೆ ಆ ಸಭೆಗೆ ಬೇಜಾರಿರಲಿಲ್ಲ, ಅವರೂ ಅದನ್ನೇ ಹೇಳುತ್ತಿದ್ದರು. ಹುಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಘೋರ ಪಾಪದಲ್ಲಿರುವ ಪೋಪ್ ದೇವರ ಎದುರು ಪೋಪ್ ಅಲ್ಲವೇ ಅಲ್ಲ ಎಂದರು. ಇಂಗ್ಲೆಂಡಿನ ಜಾನ್ ವಿಕ್ಲಿಫ್ ಬರಹಗಳಿಂದ ಬಂದ ಜಾಡು ಇದು. (ವಿಕ್ಲಿಫ್ 1384ರಲ್ಲೇ ಹಾಸಿಗೆಯಲ್ಲಿ ಸತ್ತಿದ್ದರು. ಬಿಡಲಿಲ್ಲ. 1428ರಲ್ಲಿ ಮೂಳೆ ಅಗೆದು ತೆಗೆದು ಸುಟ್ಟು, ಬೂದಿಯನ್ನು ಹೊಳೆಗೆ ಹಾಕಿದರು.)

ವಿಚಾರಣೆಯ ದಿನ ಒಂದು ಗಳಿಗೆ ಹೀಗೆ ಬಂತು. ಘೋರ ಪಾಪ ಮಾಡಿದ ರಾಜನೂ ದೇವರ ಎದುರು ರಾಜನಲ್ಲ ಎಂದು ಹುಸ್ ಹೇಳಿದರು. ಜರ್ಮನಿಯ ರಾಜ ಸಿಗಿಸ್ಮಂಡ್ ಅತ್ತ ಕಿಟಕಿಗೆ ಒರಗಿ ಯಾರೊಂದಿಗೋ ಮಾತಾಡುತ್ತಿದ್ದ. ಸಭೆಯವರು ಬಿಡುತ್ತಾರೆಯೇ? ಅವನನ್ನು ಕರೆದು, ಹುಸ್ ಬಾಯಿಂದ ಅದೇ ಮಾತನ್ನು ಮತ್ತೆ ಹೇಳಿಸಿದರು. ಪಾಪ ಮಾಡದೆ ಬದುಕುವವರು ಯಾರೂ ಇಲ್ಲ ಎಂದಷ್ಟೇ ರಾಜನ ಉತ್ತರ. ಹುಸ್ ಸಭೆಗೆ ಬಂದದ್ದೇ ಈ ರಾಜ ಕೊಟ್ಟ ರಕ್ಷಣಾ ಪತ್ರ ನಂಬಿ. ಬಂದು ತಿಂಗಳೊಳಗೆ ಹಿಡಿದು, ಮಠವೊಂದರಲ್ಲಿ ಕಕ್ಕಸಿನ ಪಕ್ಕದ ಕೋಣೆಗೆ ಹಾಕಿದ್ದರು.

ಕೊನೆಯ ದಿನ ದೆವ್ವಗಳ ಚಿತ್ರ ಬರೆದ ಕಾಗದದ ಟೋಪಿ ಅವರ ತಲೆಗಿಟ್ಟರು. ಸುಟ್ಟ ಮೇಲೆ ಬಟ್ಟೆಯನ್ನೂ ಬೆಂಕಿಗೆ ಹಾಕಿದರು, ಚೆಕ್ ಜನ ಒಂದು ಚೂರು ಒಯ್ದು ಪೂಜಿಸಬಾರದು ಅಂತ. ಬೂದಿ ರೈನ್ ನದಿಗೆ ಹೋಯಿತು. ನೂರು ವರ್ಷದ ಮೇಲೆ ಹುಸ್ ಬರಹ ಓದಿದ ಲೂಥರ್, ಗೊತ್ತಿಲ್ಲದೆಯೇ ನಾವೆಲ್ಲ ಹುಸ್ ಕಡೆಯವರಾಗಿದ್ದೆವು ಎಂದು 1520ರಲ್ಲಿ ಬರೆದರು. ನಿಮ್ಮ 1517ರ ಪಾಠಕ್ಕೆ ಕೊಂಡಿ ಇಲ್ಲಿದೆ.

ಪದವಿ ಕಳೆದುಕೊಂಡ ಜಾನ್ ಏನಾದ ಅಂತ ಕೇಳುತ್ತೀರಿ. ಆ ವರ್ಷ ಹುಸ್ ಇದ್ದ ಗಾಟ್ಲೀಬನ್ ಕೋಟೆಯಲ್ಲೇ ಅವನೂ ಸೆರೆಯಲ್ಲಿದ್ದ. ಆಮೇಲೆ ಬಿಡುಗಡೆಯಾಗಿ, 1419ರಲ್ಲಿ ಮತ್ತೆ ಕಾರ್ಡಿನಲ್ (ಪೋಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ) ಆಗಿ, ಅದೇ ವರ್ಷ ತೀರಿಕೊಂಡ. ಇಟಲಿಯ ಫ್ಲಾರೆನ್ಸಿನ ಬ್ಯಾಪ್ಟಿಸ್ಟ್ರಿಯಲ್ಲಿ, ಅಂದರೆ ದೀಕ್ಷಾಸ್ನಾನದ ಮಂದಿರದಲ್ಲಿ, ಅವನ ಸಮಾಧಿ ಇದೆ. ಕಡೆದವರಲ್ಲಿ ಒಬ್ಬರು ಸಾಕ್ಷಾತ್ ಡೊನಾಟೆಲ್ಲೊ, ಆ ಕಾಲದ ಹೆಸರಾಂತ ಶಿಲ್ಪಿ. ಅದರ ಮೇಲೆ ‘ಒಮ್ಮೆ ಪೋಪ್ ಆಗಿದ್ದವನು’ ಎಂದು ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ.

— ಸಂಪಾದಕ