ಪಸ್ಕದ ಪಾಠಕ್ಕೆ ಊಟ ಬೇಕೇ?

ಸಂಡೆ ಸ್ಕೂಲ್ ಟೀಚರೊಬ್ಬರು ಬರೆದಿದ್ದಾರೆ: "ಈಸ್ಟರ್‌ಗೆ ಮುಂಚೆ ಮಕ್ಕಳಿಂದ ಯೆಹೂದ್ಯರ ಪಸ್ಕದ ಊಟ ಮಾಡಿಸಿ, ಒಂದೊಂದು ಪದಾರ್ಥಕ್ಕೂ ಯೇಸುವಿನ ಅರ್ಥ ಹೇಳಬೇಕು ಅಂದುಕೊಂಡಿದ್ದೇನೆ. ಸರಿಯೇ?"

ಟೀಚರ್, ನಿಮ್ಮ ಉತ್ಸಾಹ ಇಷ್ಟವಾಯಿತು. ಊಟದ ಯೋಚನೆ ಮಾತ್ರ ಬಿಡಿ. ಪಸ್ಕ ಅಂದರೆ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದದ್ದನ್ನು ಯೆಹೂದ್ಯರು ನೆನೆಯುವ ಹಬ್ಬ. ಈಗ ಯೆಹೂದ್ಯರ ಮನೆಗಳಲ್ಲಿ ನಡೆಯುವ ಪಸ್ಕದ 'ಸೇದೆರ್' ಊಟ ಈ ರೂಪಕ್ಕೆ ಬಂದದ್ದು ಬಹುಮಟ್ಟಿಗೆ ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ. ಕುರಿ ಬಲಿ ಕೊಡಲು ಜಾಗವೇ ಉಳಿಯಲಿಲ್ಲ, ಹಬ್ಬ ಮನೆಯ ಮೇಜಿಗೆ ಬಂತು. ಯೇಸು ಉಂಡದ್ದು ಇದೇ ಊಟ ಅಂದರೆ ತಪ್ಪಾಗುತ್ತದೆ. ಜೊತೆಗೆ, ಇನ್ನೊಬ್ಬರ ಹಬ್ಬದ ತಟ್ಟೆ ಎತ್ತಿಕೊಂಡು ಬಂದು ಅದರ ಅರ್ಥ ನಾವೇ ಹೇಳೋದು ಚೆನ್ನಾಗಿರಲ್ಲ, ಅಲ್ವಾ? ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಸಮಿತಿಯೊಂದು 1988ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು.

ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯದಿಂದ ಶುರು ಮಾಡಿ: ಕುರಿಯ ರಕ್ತ ಬಾಗಿಲಿಗೆ ಹಚ್ಚಿದ ಮನೆಗಳನ್ನು ಸಾವು ದಾಟಿಹೋದ, ಜನ ಅವಸರದಲ್ಲಿ ಐಗುಪ್ತ ಬಿಟ್ಟ ರಾತ್ರಿಯ ಕಥೆ ಅದು. ಆಮೇಲೆ ಗೋಧಿ ಹಿಟ್ಟು, ನೀರು, ತವಾ, ಒಂದು ಗಡಿಯಾರ ತನ್ನಿ. ನೀರು ಬಿದ್ದ 18 ನಿಮಿಷದೊಳಗೆ ರೊಟ್ಟಿ ಬೆಂದಿರಬೇಕು. ಯೆಹೂದ್ಯರ ನಿಯಮ ಅದು. ತಡವಾದರೆ ಹಿಟ್ಟು ಹುಳಿಯಿತು ಅಂತ ಲೆಕ್ಕ. ದೋಸೆ ಹಿಟ್ಟು ರಾತ್ರಿಯಿಡೀ ಕಾಯಬೇಕು ಅಂತ ಗೊತ್ತಿರುವ ಮಕ್ಕಳಿಗೆ, ಐಗುಪ್ತ ಬಿಟ್ಟವರ ಅವಸರ ಥಟ್ಟನೆ ತಿಳಿಯುತ್ತದೆ. ಇದನ್ನು ಹಬ್ಬ ಅನ್ನಬೇಡಿ, ಸುಮ್ನೆ ಅಡುಗೆ ಅನ್ನಿ.

ಆ ರಾತ್ರಿ ಸತ್ತ ಐಗುಪ್ತದ ಚೊಚ್ಚಲ ಮಕ್ಕಳು ಮಾಡಿದ ತಪ್ಪೇನು ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ತಡೆಯಬೇಡಿ. ಸೇದೆರ್‌ನಲ್ಲಿ ಐಗುಪ್ತಕ್ಕೆ ಬಂದ ಹತ್ತು ಬಾಧೆಗಳ ಹೆಸರು ಹೇಳುವಾಗ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ತೆಗೆಯುತ್ತಾರೆ. ಶತ್ರುವಾದರೂ ನೊಂದಾಗ ನಮ್ಮ ಬಟ್ಟಲು ತುಂಬಿರಬಾರದು ಅಂತ ಹಲವರು ಅದಕ್ಕೆ ಅರ್ಥ ಹೇಳುತ್ತಾರೆ. ನನಗಂತೂ ಇಡೀ ಹಬ್ಬದಲ್ಲಿ ಜಾಸ್ತಿ ಹಿಡಿಸಿದ್ದು ಈ ಹನಿಗಳೇ.

ಇಷ್ಟಾದ ಮೇಲೆ ಮುಂದಿನ ವಾರ ಯೇಸು ಶಿಷ್ಯರೊಂದಿಗೆ ಮಾಡಿದ ಕಡೇ ಭೋಜನಕ್ಕೆ ಬನ್ನಿ. ಕ್ರಿಸ್ತನೇ ನಮ್ಮ ಪಸ್ಕದ ಕುರಿ ಎಂದು ಪೌಲ ಕೊರಿಂಥದವರಿಗೆ ಬರೆದ ಮಾತು ಆಗ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಮೊದಲ ಮೂರು ಸುವಾರ್ತೆಗಳಲ್ಲಿ ಆ ಕಡೇ ಭೋಜನ ಪಸ್ಕದ ಊಟ, ಯೋಹಾನನ ಸುವಾರ್ತೆಯಲ್ಲಿ ಪಸ್ಕಕ್ಕೆ ಮುಂಚಿನದು. ದೊಡ್ಡ ಮಕ್ಕಳಾದರೆ ಇದನ್ನೂ ಹೇಳಿ.

ರುಚಿ ತೋರಿಸಲೇಬೇಕು ಅಂದರೆ ನಮ್ಮ ಪಕ್ಕದಲ್ಲೇ ಒಂದು ದಾರಿಯಿದೆ. ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ರಾತ್ರಿ ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿ ಬರಿಸದೆ 'ಪೆಸಹಾ ಅಪ್ಪಂ' ಬೇಯಿಸುತ್ತಾರೆ. ಮೇಲೆ ಗರಿಯ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಮುರಿದು ಹಂಚುತ್ತಾರೆ. ನಿಮ್ಮ ಕ್ಲಾಸಿನಲ್ಲಿ ಅಂಥ ಮನೆಯ ಮಗುವಿದ್ದರೆ, ಆ ದಿನ ಪಾಠ ಆ ಮಗುವೇ ಮಾಡಲಿ.