ಕೋಡ್ ಬರೆಯೋಕೆ ಬಂದರೆ ಸಾಲದಾ? ಡಿಸೈನ್, ಆರ್ಕಿಟೆಕ್ಚರ್ ಎಲ್ಲ ಯಾಕೆ ಓದಬೇಕು?

ನೀವು ಕೇಳಿದ್ದು ಇಷ್ಟು: ಬಿಇ ಎರಡನೇ ವರ್ಷದಲ್ಲಿದ್ದೀರಿ, ಕೋಡ್ ಚೆನ್ನಾಗಿಯೇ ಬರುತ್ತದೆ. ಸಾಫ್ಟ್‌ವೇರ್ ಡಿಸೈನ್, ಆರ್ಕಿಟೆಕ್ಚರ್ ಅಂತ ಚೌಕ ಬರೆದು ಬಾಣ ಹಾಕುವುದು ಪರೀಕ್ಷೆಗಲ್ಲದೆ ಇನ್ಯಾವುದಕ್ಕಾದರೂ ಬರುತ್ತದಾ?

ನಾನು ಶಿವಮೊಗ್ಗದಲ್ಲಿ ಕೊನೇ ವರ್ಷ ಓದುತ್ತಿದ್ದೇನೆ. ಕಂಪನಿ ಕೆಲಸದ ಅನುಭವ ಇಲ್ಲ. ನನ್ನ ಹತ್ತಿರ ಇರುವುದು ಎರಡು ಅಡಿಕೆ ಸುಗ್ಗಿ ಕಂಡ ಒಂದೇ ಒಂದು ಆಪ್. ಅದರಲ್ಲಿ ಪೆಟ್ಟು ತಿಂದದ್ದನ್ನೇ ಹೇಳುತ್ತೇನೆ.

ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಪ್ಪನ ಮನೆ. ತಮ್ಮ ತೋಟದ ಜತೆ ಅಕ್ಕಪಕ್ಕದ ನಾಲ್ಕೈದು ತೋಟಗಳನ್ನೂ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿಯುತ್ತಾರೆ. ಅಡಿಕೆ ಕೊನೆ ಕೊಯ್ದು ತಂದರೆ ಸಂಜೆಯಿಂದ ರಾತ್ರಿವರೆಗೂ ಹದಿನೈದು-ಇಪ್ಪತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಾರೆ. ಡಬ್ಬಕ್ಕೆ ಇಷ್ಟು ಅಂತ ಕೂಲಿ, ವಾರಕ್ಕೊಮ್ಮೆ ಬಟವಾಡೆ, ಅದರಲ್ಲಿ ಮುಂಗಡ ಹಿಡಿದುಕೊಳ್ಳಬೇಕು. ಲೆಕ್ಕದ ನೋಟ್‌ಬುಕ್ಕಿಗೆ ಅಡಿಕೆ ಬೇಯಿಸಿದ ಚೊಗರು ಚೆಲ್ಲಿ ಅರ್ಧ ಪುಟ ಕಾಣುತ್ತಿರಲಿಲ್ಲ. "ಇಂಜಿನಿಯರಿಂಗ್ ಓದ್ತೀಯಲ, ಇದಕ್ಕೊಂದು ಎಂತಾದ್ರೂ ಮಾಡು ಮಾರಾಯ" ಅಂದರು. ನಮಗೂ ಮಿನಿ ಪ್ರಾಜೆಕ್ಟ್ ಬೇಕಿತ್ತು.

ನಾವು ನಾಲ್ಕು ಜನ. ಅದಕ್ಕೇ ಆಪ್‌ನಲ್ಲೂ ನಾಲ್ಕು ಮಾಡ್ಯೂಲ್, ಅಂದರೆ ಬೇರೆಬೇರೆಯಾಗಿ ಬರೆಯುವ ಭಾಗ: ಎಂಟ್ರಿ, ಲೆಕ್ಕ, ಬಟವಾಡೆ, ರಿಪೋರ್ಟ್. ಬೇರೆ ಕಾರಣವೇ ಇರಲಿಲ್ಲ. ಒಂದು ತಂಡ ಕಟ್ಟುವ ಸಿಸ್ಟಮ್, ಆ ತಂಡದೊಳಗೆ ಯಾರಿಗೆ ಯಾರ ಜತೆ ಮಾತುಕತೆ ಇದೆಯೋ ಅದರದ್ದೇ ಅಚ್ಚಾಗಿರುತ್ತದೆ ಅಂತ ಮೆಲ್ವಿನ್ ಕಾನ್‌ವೇ ಅನ್ನುವ ಪ್ರೋಗ್ರಾಮರ್ 1968ರಲ್ಲೇ ಬರೆದಿದ್ದಾನೆ. ಪಠ್ಯದಲ್ಲಿ ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಬಟವಾಡೆ ಬರೆದವನಿಗೂ ರಿಪೋರ್ಟ್ ಬರೆದವಳಿಗೂ ಆ ತಿಂಗಳು ಮಾತು ಬಿಟ್ಟಿತ್ತು. ಮುಂಗಡ ಕಳೆಯುವ ಕೋಡನ್ನು ಇಬ್ಬರೂ ಬೇರೆಬೇರೆ ಬರೆದಿದ್ದರು, ಉತ್ತರವೂ ಬೇರೆಬೇರೆ ಬರುತ್ತಿತ್ತು.

ಮೊದಲ ಸುಗ್ಗಿಯ ದೊಡ್ಡ ಪೆಟ್ಟು ಬಂದದ್ದು ಬೇರೆ ಕಡೆಯಿಂದ. ಮಲೆನಾಡಿನವರಾದರೆ ನಿಮಗೇ ಗೊತ್ತು, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆ ವರ್ಷ ದೀಪಾವಳಿ ಬಂದರೂ ಮಳೆ ಬಿಟ್ಟಿರಲಿಲ್ಲ. ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಬರೆದಿಟ್ಟುಕೊಂಡು, ಸಿಗ್ನಲ್ ಬಂದಾಗ ಸರ್ವರಿಗೆ ಕಳಿಸುವ ವ್ಯವಸ್ಥೆ ಮಾಡಿದ್ದೆವು. ಅಷ್ಟರಮಟ್ಟಿಗೆ ಬುದ್ಧಿವಂತರೇ. ಆದರೆ ಉಳಿಸಿಡುತ್ತಿದ್ದದ್ದು ಪ್ರತಿಯೊಬ್ಬರ ಒಟ್ಟು ಲೆಕ್ಕವನ್ನು. ಸುಲಿಯಲು ಬರುವ ಒಬ್ಬ ಅಕ್ಕನ ಹೆಸರಲ್ಲಿ 12 ಡಬ್ಬ ಇತ್ತು ಅನ್ನಿ. ಚಿಕ್ಕಮ್ಮ ತಮ್ಮ ಫೋನಿನಲ್ಲಿ 3 ಸೇರಿಸಿದರು, ಅದು 15 ಆಯಿತು. ಮಾರನೇ ದಿನ ಚಿಕ್ಕಪ್ಪ ತಮ್ಮದರಲ್ಲಿ 2 ಸೇರಿಸಿದರು. ಅವರ ಫೋನಿಗೆ ಚಿಕ್ಕಮ್ಮನ 3 ಗೊತ್ತೇ ಇಲ್ಲ, ಹಾಗಾಗಿ ಅಲ್ಲಿ 14. ಸಿಗ್ನಲ್ ಬಂತು, ಮೊದಲು 15 ಹೋಯಿತು, ಅದರ ಮೇಲೆ 14 ಹೋಗಿ ಕೂತಿತು. ಇರಬೇಕಾದದ್ದು 17. ಬಟವಾಡೆ ದಿನ ಆ ಅಕ್ಕ ನಮ್ಮ ಹತ್ತಿರ ವಾದ ಮಾಡಲಿಲ್ಲ. ಕೊಟ್ಟಿಗೆ ಗೋಡೆ ಹತ್ತಿರ ಕರೆದುಕೊಂಡು ಹೋಗಿ, ಮಸಿಯಲ್ಲಿ ಎಳೆದಿದ್ದ ಗೀಟು ತೋರಿಸಿ "ಎಣಿಸ್ಕೊಳ್ಳಿ" ಅಂದರು. ಹದಿನೇಳು ಗೀಟು.

ನಾನು ಆ ಗೋಡೆಯನ್ನು ತುಂಬ ಹೊತ್ತು ನೋಡಿದೆ. ಅಲ್ಲಿ ಒಟ್ಟು ಅನ್ನುವುದು ಎಲ್ಲೂ ಇಲ್ಲ. ಒಂದು ಡಬ್ಬ ತುಂಬಿತು, ಒಂದು ಗೀಟು. ಎಳೆದ ಗೀಟನ್ನು ಯಾರೂ ಅಳಿಸುವುದಿಲ್ಲ. ಬೇಕಾದಾಗ ಎಣಿಸಿದರೆ ಒಟ್ಟು ಸಿಗುತ್ತದೆ. ಯಾರು ಎಳೆದರು, ಯಾವಾಗ ಎಳೆದರು, ಯಾವುದು ಮೊದಲು ಅನ್ನುವುದರಿಂದ ಲೆಕ್ಕ ಕೆಡುವುದಿಲ್ಲ.

ವಾಪಸ್ ಬಂದು ಅದನ್ನೇ ಮಾಡಿದೆವು. ಒಂದೊಂದು ಡಬ್ಬಕ್ಕೂ ಒಂದೊಂದು ದಾಖಲೆ, ಒಟ್ಟು ಲೆಕ್ಕವನ್ನು ಎಲ್ಲೂ ಉಳಿಸುವುದಿಲ್ಲ. ಪ್ರತಿ ದಾಖಲೆಗೂ ಮತ್ತೆಲ್ಲೂ ಬಾರದ ಒಂದು ಉದ್ದನೆಯ ನಂಬರನ್ನು ಫೋನೇ ಹುಟ್ಟಿಸುತ್ತದೆ. ಇದು ಯಾಕೆಂದರೆ, ಅರೆಬರೆ ಸಿಗ್ನಲ್‌ನಲ್ಲಿ ದಾಖಲೆ ಸರ್ವರಿಗೆ ಮುಟ್ಟಿರುತ್ತದೆ, ಮುಟ್ಟಿತು ಅನ್ನುವ ಉತ್ತರ ಫೋನಿಗೆ ಬಂದಿರುವುದಿಲ್ಲ. ಫೋನ್ ಪಾಪ ಇನ್ನೊಂದು ಸಲ ಕಳಿಸುತ್ತದೆ. ಅದೇ ನಂಬರ್ ಮೊದಲೇ ಬಂದಿದ್ದರೆ ಸರ್ವರ್ ಸುಮ್ಮನೆ ಬಿಟ್ಟುಬಿಡುತ್ತದೆ, ಎರಡು ಸಲ ಎಣಿಸುವುದಿಲ್ಲ. ತಪ್ಪಿ ಎಂಟ್ರಿ ಹಾಕಿದರೂ ಅಳಿಸುವಂತಿಲ್ಲ, ಅದನ್ನು ವಜಾ ಮಾಡುವ ಇನ್ನೊಂದು ದಾಖಲೆ ಹಾಕಬೇಕು. ಸೊಸೈಟಿಯ ಲೆಕ್ಕದ ಪುಸ್ತಕಕ್ಕೆ ಯಾರೂ ರಬ್ಬರ್ ಹಾಕುವುದಿಲ್ಲವಲ್ಲ, ಹಾಗೆ.

ಇದನ್ನು ಬದಲಿಸಲು ಮೂರು ವಾರ ಹಿಡಿಯಿತು, ಹೆಚ್ಚುಕಮ್ಮಿ ಇಡೀ ಆಪ್ ಬಿಚ್ಚಿ ಕಟ್ಟಿದ ಹಾಗೆ. ಆಗ ನನಗೆ ಆರ್ಕಿಟೆಕ್ಚರ್ ಅನ್ನುವ ಪದ ಹೊಟ್ಟೆಗಿಳಿಯಿತು: ಆಮೇಲೆ ಬದಲಿಸಲು ದುಬಾರಿಯಾಗುವ ತೀರ್ಮಾನಗಳು. ಅಡಿಕೆ ತೋಟ ಹಾಕುವಾಗ ಗಿಡದಿಂದ ಗಿಡಕ್ಕೆ ಸುಮಾರು ಒಂಬತ್ತು ಅಡಿ ಅಂತರ, ಸಾಲಿನ ಮಧ್ಯೆ ಬಸಿಗಾಲುವೆ. ಇದನ್ನು ಸಸಿ ಇಡುವ ಮೊದಲೇ ಗೊತ್ತುಮಾಡಬೇಕು. ಏಲಕ್ಕಿಯೋ ಕಾಳುಮೆಣಸೋ ಆಮೇಲೆ ನೋಡಿಕೊಂಡರಾಯಿತು. ಫಸಲು ಹಿಡಿಯುವ ಹೊತ್ತಿಗೆ ನೀರು ನಿಲ್ಲುತ್ತಿದೆ ಅಂತ ಗೊತ್ತಾದರೆ ಬೇರಿನ ಮಧ್ಯೆ ಗುದ್ದಲಿ ಹಾಕಬೇಕಾಗುತ್ತದೆ. ಒಟ್ಟು ಲೆಕ್ಕ ಉಳಿಸುವುದೋ ಗೀಟು ಉಳಿಸುವುದೋ ಅನ್ನುವುದು ನಮ್ಮ ಆಪ್‌ನ ಬಸಿಗಾಲುವೆ. ಬಟನ್ ಯಾವ ಬಣ್ಣ ಅಂತ ಎರಡು ದಿನ ಜಗಳ ಆಡಿದ್ದೆವು, ಇದನ್ನು ಎರಡು ನಿಮಿಷವೂ ಮಾತಾಡಿರಲಿಲ್ಲ.

ಆಮೇಲೆ ರಜೆಯಲ್ಲಿ ಡಿಸೈನ್ ಪ್ಯಾಟರ್ನ್ ಓದಿದೆ, ಅಂದರೆ ಪದೇಪದೇ ಬರುವ ಸಮಸ್ಯೆಗಳಿಗೆ ಕೋಡ್ ಜೋಡಿಸುವ ಸಿದ್ಧ ಮಾದರಿಗಳು. 1994ರಲ್ಲಿ ನಾಲ್ವರು ಸೇರಿ ಬರೆದ ಆ ಪುಸ್ತಕದಲ್ಲಿ 23 ಪ್ಯಾಟರ್ನ್ ಇವೆ, ನಾನು ಸುಮಾರು ಒಂಬತ್ತನ್ನು ಚಿಕ್ಕಪ್ಪನ ಆಪ್‌ಗೆ ತುರುಕಿದೆ. ಹೊಸದಾಗಿ ಕತ್ತಿ ಕೊಂಡವನಿಗೆ ಕಂಡಕಂಡ ಗಿಡ ಸವರುವ ಚಟ ಇರುತ್ತದಲ್ಲ. ಕೂಲಿ ದರ ಒಂದೇ ಇದ್ದರೂ ದರ ತಯಾರಿಸುವ ಫ್ಯಾಕ್ಟರಿ ಅನ್ನುವ ಪ್ಯಾಟರ್ನ್, ಆ ಫ್ಯಾಕ್ಟರಿಗೊಂದು ಫ್ಯಾಕ್ಟರಿ. ಗೆಳತಿ ಕೋಡ್ ತೆರೆದು, "ಗುಣಾಕಾರ ಎಲ್ಲಿ ಆಗ್ತದೆ ಅಂತ ಮಾತ್ರ ಹೇಳು" ಅಂದಳು. ಹುಡುಕಲು ನನಗೂ ಹತ್ತು ನಿಮಿಷ ಬೇಕಾಯಿತು. ಹೆಚ್ಚಿನವನ್ನು ಕಿತ್ತುಹಾಕಿದೆ. ಒಂದು ಕಡೆ ಬದಲಾದರೆ ಇನ್ನೊಂದು ಕಡೆಗೆ ಸುದ್ದಿ ಮುಟ್ಟಿಸುವ ಒಂದು ಅಬ್ಸರ್ವರ್ ಮಾತ್ರ ಉಳಿದಿದೆ, ಯಾಕೆ ಇದೆ ಅಂತ ನಮ್ಮಲ್ಲಿ ಯಾರಿಗೂ ನೆನಪಿಲ್ಲ, ತೆಗೆಯಲು ಹೆದರಿಕೆ.

ಎರಡನೇ ಸುಗ್ಗಿಗೆ ಚಿಕ್ಕಪ್ಪ ತಕ್ಕಡಿ ತಂದರು. ಡಬ್ಬ ಹೋಗಿ ಕೆಜಿ ಬಂತು. ಒಂದು ಸಾಲು ಬದಲಿಸಿದರೆ ಮುಗಿಯಿತು ಅಂದುಕೊಂಡೆ. ಡಬ್ಬ ನಾಲ್ಕೂ ಮಾಡ್ಯೂಲಿನಲ್ಲಿ ಕೂತಿತ್ತು. ಎಂಟ್ರಿಗೆ ಅದು ಪೂರ್ಣಾಂಕ, ಲೆಕ್ಕಕ್ಕೆ ದರದ ಅಳತೆ, ಬಟವಾಡೆಯ ಚೀಟಿಯಲ್ಲಿ ಅದರ ಹೆಸರೇ ಅಚ್ಚಾಗುತ್ತಿತ್ತು. 17.4 ಕೆಜಿ ಅಂತ ಹೊಡೆದರೆ ಆಪ್ 17 ಅಂತ ನುಂಗಿಕೊಳ್ಳುತ್ತಿತ್ತು.

ಆಗ ಓದಿದ್ದು ಸಾಫ್ಟ್‌ವೇರ್ ಸಂಶೋಧಕ ಡೇವಿಡ್ ಪಾರ್ನಾಸ್ 1972ರಲ್ಲಿ ಪ್ರಕಟಿಸಿದ ಪ್ರಬಂಧ. ಪ್ರೋಗ್ರಾಮನ್ನು ಮಾಡ್ಯೂಲುಗಳಾಗಿ ಯಾವ ಲೆಕ್ಕದಲ್ಲಿ ಒಡೆಯಬೇಕು ಅನ್ನುವುದೊಂದೇ ಅದರ ವಿಷಯ. ಸಾಲುಗಳನ್ನು ಓದಿ, ಪ್ರತಿ ಸಾಲಿನ ಪದಗಳನ್ನು ಒಂದೊಂದಾಗಿ ಮುಂದಿನಿಂದ ಹಿಂದಕ್ಕೆ ಸರಿಸಿ, ಬಂದದ್ದನ್ನೆಲ್ಲ ಅಕಾರಾದಿಯಾಗಿ ಜೋಡಿಸುವ ಸಣ್ಣ ಪ್ರೋಗ್ರಾಮನ್ನು ಅವನು ಎರಡು ರೀತಿ ಒಡೆದು ತೋರಿಸುತ್ತಾನೆ. ಒಂದು, ಕೆಲಸ ನಡೆಯುವ ಕ್ರಮದಲ್ಲಿ: ಓದು, ಸರಿಸು, ಜೋಡಿಸು, ಅಚ್ಚುಹಾಕು. ಇನ್ನೊಂದು, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲಿನೊಳಗೆ ಅಡಗಿಸಿ. ಸಾಲುಗಳನ್ನು ಮೆಮೊರಿಯಲ್ಲಿ ಇಡುವ ರೀತಿ ಬದಲಾದರೆ ಮೊದಲನೆಯದರಲ್ಲಿ ಎಲ್ಲ ಮಾಡ್ಯೂಲಿಗೂ ಕೈ ಹಾಕಬೇಕು, ಎರಡನೆಯದರಲ್ಲಿ ಒಂದಕ್ಕೆ ಸಾಕು. ಓದುತ್ತ ನಾಚಿಕೆಯಾಯಿತು. ನಮ್ಮ ಎಂಟ್ರಿ-ಲೆಕ್ಕ-ಬಟವಾಡೆ-ರಿಪೋರ್ಟ್ ಅವನ ಮೊದಲನೇ ರೀತಿಯೇ, ಐವತ್ತು ವರ್ಷ ತಡವಾಗಿ.

ಈಗ ಅಳತೆ ಮತ್ತು ದರ ಒಂದೇ ಕಡೆ ಇವೆ. ಬಟವಾಡೆಗೆ ಗೊತ್ತಿರುವುದು "ಇವರಿಗೆ ಇಷ್ಟು ರೂಪಾಯಿ" ಅಂತ ಮಾತ್ರ, ಅದು ಡಬ್ಬದಿಂದ ಬಂತೋ ತೂಕದಿಂದ ಬಂತೋ ಅದಕ್ಕೆ ಬೇಡ.

ಆದರೆ ಯಾವುದು ಬದಲಾಗುತ್ತದೆ ಅಂತ ನನಗೆ ಮೊದಲೇ ಹೇಗೆ ಗೊತ್ತಾಗಬೇಕು? ಇದನ್ನೇ ಚಿಕ್ಕಪ್ಪನ ಹತ್ತಿರ ಗೊಣಗಿದೆ. ತಕ್ಕಡಿ ತರಬೇಕು ಅಂತ ಮೂರು ವರ್ಷದಿಂದ ಅಂದುಕೊಂಡಿದ್ದರಂತೆ. "ನೀವು ಕೇಳ್ಲೇ ಇಲ್ಲಲ" ಅಂದರು. ನಾವು ಅವರ ಮನೆಯಲ್ಲಿ ಎರಡು ದಿನ ಇದ್ದು, ಕಡುಬು ತಿಂದು, ಸ್ಕ್ರೀನ್ ಹೇಗಿರಬೇಕು ಅಂತ ಕೇಳಿ ಬಂದಿದ್ದೆವು.

ಹಾಗಾಗಿ ಓದಿ. ಚೌಕ-ಬಾಣದ ಚಿತ್ರವನ್ನು ಮಾರ್ಕಿಗೆ ಬರೆಯಿರಿ, ತಪ್ಪಿಲ್ಲ. ಪಾರ್ನಾಸ್ ಪ್ರಬಂಧ ಆರೇ ಪುಟ, ಅದನ್ನು ನಿಮ್ಮದೇ ಒಂದು ಪ್ರೋಗ್ರಾಮ್ ಪಕ್ಕದಲ್ಲಿಟ್ಟುಕೊಂಡು ಓದಿ. ಪ್ರೋಗ್ರಾಮ್ ಯಾರಿಗೋಸ್ಕರ ಬರೆಯುತ್ತಿದ್ದೀರೋ ಅವರನ್ನು, ಮುಂದಿನ ವರ್ಷ ಎಂತ ಮಾಡಬೇಕು ಅಂತಿದ್ದೀರಿ ಅಂತ ಒಂದು ಮಾತು ಕೇಳಿ.

ಈ ಸಲ ನಾನು ಕೇಳಿದೆ. ಸುಲಿಯುವ ಮಿಷನ್ ಬಾಡಿಗೆಗೆ ತರುವ ಯೋಚನೆ ಇದೆಯಂತೆ, ಅದರದ್ದು ಗಂಟೆ ಲೆಕ್ಕ. ಒಂದೇ ಫೈಲ್ ಮುಟ್ಟಿದರೆ ಸಾಕು ಅಂತ ನಾನು, ಎರಡಾದರೂ ಆಗುತ್ತದೆ ಅಂತ ಗೆಳತಿ. ಒಂದು ಪ್ಲೇಟ್ ಮಸಾಲೆ ದೋಸೆ ಪಣಕ್ಕಿದೆ.