ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಕ್ಕಿ ನೋಡೋಕೆ ಶುರು ಮಾಡಬೇಕು, ಯಾವ ಲೆನ್ಸ್ ತಗೊಳ್ಳಲಿ?

ಲೆನ್ಸ್ ಈಗ ಬೇಡ.

ರೆಡಿಂಗ್‌ಗೆ ಬಂದು ಆರು ತಿಂಗಳಾಯಿತು, 150–600 ಮಿ.ಮೀ. ಜೂಮ್ ಲೆನ್ಸ್ ತಗೊಂಡು ಅಪರೂಪದ ಹಕ್ಕಿಗಳನ್ನು ಹುಡುಕಿಕೊಂಡು ಹೋಗಬೇಕು ಅಂತ ಬರೆದಿದ್ದೀರಿ. 2017ರಲ್ಲಿ ನಾನೂ ಅದನ್ನೇ ಮಾಡಿದೆ. ಲೆನ್ಸ್ ಕೂಡ ಅದೇ ಅಳತೆಯದ್ದು. ಡಿಡ್‌ಕಾಟ್ ಪಕ್ಕದ ಹಳ್ಳಿಯಲ್ಲಿ ಬಾಡಿಗೆ ಮನೆ. ಹಿತ್ತಲು ದಾಟಿದರೆ ದೊಡ್ಡ ಗೋಧಿ ಹೊಲ, ನಡುವೆ ಕಾಲುದಾರಿ, ಒಂದು ಅಂಚಿಗೆ ಹಾಥಾರ್ನ್ ಮುಳ್ಳುಗಿಡದ ಹಳೇ ಬೇಲಿ.

ಆ ಹೊಲದ ತುಂಬಾ ಸ್ಕೈಲಾರ್ಕ್. ನಮ್ಮೂರ ನೆಲಗುಬ್ಬಿಯ ಬಳಗದ್ದು. ಮಣ್ಣಿನ ಬಣ್ಣ, ನೆಲದಲ್ಲಿ ಕೂತರೆ ಕಾಣೋದೇ ಇಲ್ಲ. ಹಾಡುತ್ತಲೇ ನೆಟ್ಟಗೆ ಮೇಲೇರುತ್ತದೆ. ಚುಕ್ಕಿಯಾಗುತ್ತದೆ, ಆಮೇಲೆ ಆ ಚುಕ್ಕಿಯೂ ಕಣ್ಣು ತಪ್ಪಿಸಿ ಹಾಡು ಮಾತ್ರ ಉಳಿಯುತ್ತದೆ. ಕೊನೆಗೆ ಹಾಡು ನಿಲ್ಲಿಸಿ ಕಲ್ಲಿನ ಹಾಗೆ ಬೀಳುತ್ತದೆ. ಫೋಟೋದಲ್ಲಿ ಅದು ಬೂದು ಆಕಾಶದಲ್ಲೊಂದು ಕಪ್ಪು ಕಲೆ, ಅಷ್ಟೇ. ಎರಡು ಸಲ ಫೋಟೋ ತೆಗೆದು ಕೈಬಿಟ್ಟೆ.

ಮೂರು ವಸಂತ ಹೀಗೇ ಕಳೆದೆ. ಒಮ್ಮೆ ಚಂದ್ರಮುಕುಟ ಬಂದಿದೆ ಅಂತ ಕೇಳಿ ಬೆಳಗಿನ ಜಾವ ಎದ್ದು ಎರಡು ಗಂಟೆ ಹೊತ್ತು ಕಾರು ಓಡಿಸಿದೆ. ತುಮಕೂರಿನ ನಮ್ಮ ಮನೆಯಂಗಳಕ್ಕೇ ಬರುವ ಹಕ್ಕಿ ಅದು. ಇಂಗ್ಲೆಂಡಿನಲ್ಲಿ ಅದು ದಾರಿ ತಪ್ಪಿ ಬಂದ ಅತಿಥಿ, ನೋಡೋಕೆ ಜನವೋ ಜನ. ಅದನ್ನು ನೋಡೋಕೆ ಹೊರಟ ಆ ಬೆಳಗ್ಗೆ ನಮ್ಮ ಹೊಲದಲ್ಲಿ ಎಷ್ಟು ಸ್ಕೈಲಾರ್ಕ್ ಹಾಡುತ್ತಿದ್ದವು ಅನ್ನೋದು ನನಗೆ ಗೊತ್ತಿಲ್ಲ. ನಾನು ಎಣಿಸಲಿಲ್ಲ.

ನನ್ನ ತಪ್ಪು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಇದು ತಪ್ಪು ಅಂತ ಅನ್ನಿಸೋದೇ ಇಲ್ಲ. ದಿನಾ ಕಾಣುವ ಹಕ್ಕಿಯನ್ನು ಬರೆಯೋದು ಯಾಕೆ ಅಂದುಕೊಂಡೆ. ನಾಳೆಯೂ ಇರುತ್ತದಲ್ಲ. ಹಾಗಾಗಿ ಹೊಸದು ಕಂಡಾಗ ಮಾತ್ರ ಬರೆದೆ. ಬರೆದದ್ದರಲ್ಲೂ ಹೆಸರು, ತಾರೀಖು ಎರಡೇ. ಎಷ್ಟು ಹಕ್ಕಿ, ಹೊಲದ ಯಾವ ಮೂಲೆ, ಹಾಡುತ್ತಿತ್ತಾ, ಸುಮ್ನೆ ಹಾರಿಹೋಯಿತಾ, ಎಷ್ಟು ಹೊತ್ತು ನಡೆದೆ, ಒಂದೂ ಇಲ್ಲ. ಹೋಗಿ ಏನೂ ಕಾಣದೆ ಬಂದ ದಿನಗಳನ್ನಂತೂ ಬರೆಯಲೇ ಇಲ್ಲ. ಆ ಖಾಲಿ ದಿನಗಳಿಗೂ ಬೆಲೆ ಇದೆ. ಅವಿಲ್ಲದಿದ್ದರೆ ನಾನು ಹಕ್ಕಿ ನೋಡಲಿಲ್ಲವೋ, ಹೊಲಕ್ಕೇ ಹೋಗಲಿಲ್ಲವೋ ಅಂತ ಆಮೇಲೆ ಯಾರಿಗೂ ತಿಳಿಯೋದಿಲ್ಲ, ನನಗೂ ಕೂಡ.

2020ರ ಜನವರಿಯಲ್ಲಿ ದಾರಿ ಪಕ್ಕದ ದೀಪದ ಕಂಬಕ್ಕೆ ಸ್ಥಳೀಯ ಕೌನ್ಸಿಲ್‌ನ ಒಂದು ನೋಟಿಸ್ ಕಟ್ಟಿದ್ದರು. ಹೊಲದಲ್ಲಿ ಮನೆಗಳು ಬರುತ್ತವೆ, ಹೇಳುವುದಿದ್ದರೆ ಮೂರು ವಾರದಲ್ಲಿ ಹೇಳಿ. ಬೀದಿಯ ಕೊನೇ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ನನ್ನನ್ನು ಕರೆದು, "ನೀವು ದಿನಾ ಅಲ್ಲೇ ಇರುತ್ತೀರಲ್ಲ, ಸ್ಕೈಲಾರ್ಕ್ ಎಷ್ಟು ಜೋಡಿ?" ಅಂತ ಕೇಳಿದರು. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಹನ್ನೊಂದು ಸಾವಿರ ಫೋಟೋ. ಕೆಂಪು ಹದ್ದು, ಕಣಜದ ಗೂಬೆ, ಚಂದ್ರಮುಕುಟ. ಸ್ಕೈಲಾರ್ಕ್ ಎರಡು ಕಲೆ. ಚಳಿಗಾಲ, ಹೊಲದಲ್ಲಿ ಹಾಡಿಲ್ಲ. ಎಣಿಸೋಕೆ ಏಪ್ರಿಲ್ ಬರಬೇಕಿತ್ತು. "ತುಂಬಾ ಇವೆ" ಅಂತ ಕೌನ್ಸಿಲ್‌ಗೆ ಬರೆದು ಕಳಿಸಿದೆ.

ಅಜ್ಜಿ ಕಳಿಸಿದ್ದು ತಮ್ಮ ನೋಟ್‌ಬುಕ್ಕಿನ ಪುಟಗಳ ಪ್ರತಿ. ನನಗೂ ತೋರಿಸಿದರು. ಬೇಲಿಯ ನಕ್ಷೆ ಕೈಯಲ್ಲೇ ಬರೆದದ್ದು, ಸೀಸದ ಕಡ್ಡಿಯಲ್ಲಿ. ಬೇಲಿಯಲ್ಲಿ ಹಾಡುವ ಹಳದಿ ಹಕ್ಕಿ ಯೆಲ್ಲೋಹ್ಯಾಮರ್‌ಗೆ 'ವೈ' ಅಕ್ಷರ. ಹಾಡುತ್ತಿದ್ದರೆ ಅಕ್ಷರದ ಸುತ್ತ ಒಂದು ಸುತ್ತು. ಒಂದೊಂದು ವಸಂತಕ್ಕೂ ಒಂದು ಪುಟ, ಪುಟಕ್ಕೆ ನಾಲ್ಕೈದು ಸುತ್ತು. ಮಳೆ ಹನಿ ಬಿದ್ದ ಕಡೆ ಕಾಗದ ಉಬ್ಬಿತ್ತು, ಅಕ್ಷರ ಮಾತ್ರ ಹರಡಿರಲಿಲ್ಲ. ಮೊಣಕಾಲು ನೋವಿಗೆ ಅವರು ಬೇಲಿ ದಾಟಿ ಹೊಲಕ್ಕೆ ಹೋಗುತ್ತಿರಲಿಲ್ಲ. ಹೊಲ ಎಣಿಸಬೇಕಾದವನು ನಾನು.

ಮನೆಗಳಿಗೆ ಒಪ್ಪಿಗೆ ಸಿಕ್ಕಿತು. ಬೇಲಿಯನ್ನು ಉಳಿಸಿಕೊಳ್ಳಬೇಕು ಅನ್ನುವ ಷರತ್ತು ಅದರಲ್ಲಿತ್ತು. ಹೊಲದ ಹಕ್ಕಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ಎಣಿಕೆ ಇದ್ದಿದ್ದರೆ ಹೊಲ ಉಳಿಯುತ್ತಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಅಲ್ಲಿ ಏನಿತ್ತು ಅನ್ನೋದಾದರೂ ಕಾಗದದ ಮೇಲೆ ಇರುತ್ತಿತ್ತು.

ಅದಕ್ಕೇ ಅಪರೂಪದ ಹಕ್ಕಿ ಎಲ್ಲಿ ಅಂತ ನೀವು ಕೇಳಿದ್ದನ್ನೇ ನಾನು ಒಪ್ಪೋದಿಲ್ಲ. ಅಪರೂಪದ್ದನ್ನು ನೋಡೋಕೆ ನೂರು ಜನ ಬರುತ್ತಾರೆ, ಬರೆಯುತ್ತಾರೆ. ಕಳೆದುಹೋಗುತ್ತಿರೋದು ಮಾಮೂಲಿ ಹಕ್ಕಿಗಳು. ಅಪಾಯದಲ್ಲಿರುವ ಹಕ್ಕಿಗಳ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿ ಸ್ಕೈಲಾರ್ಕ್ ಇದೆ, ಯೆಲ್ಲೋಹ್ಯಾಮರ್ ಇದೆ, ಮನೆಗುಬ್ಬಿಯೂ ಇದೆ. 1970ರ ದಶಕದಿಂದ ಈಚೆಗೆ ಸ್ಕೈಲಾರ್ಕ್ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿದೆ. ಮೊದಲು ವಸಂತದಲ್ಲಿ ಬಿತ್ತುತ್ತಿದ್ದ ಧಾನ್ಯವನ್ನು ಈಗ ಹೆಚ್ಚಾಗಿ ಶರತ್ಕಾಲದಲ್ಲೇ ಬಿತ್ತುತ್ತಾರೆ. ಮೇ ಹೊತ್ತಿಗೆ ಪೈರು ಎತ್ತರವಾಗಿ ಒತ್ತಾಗಿರುತ್ತದೆ, ಎರಡನೇ ಸಲ ಗೂಡು ಕಟ್ಟೋಕೆ ಜಾಗ ಇರೋದಿಲ್ಲ. ಹೊಲದ ನಡುವೆ ನಾಲ್ಕು ಮೀಟರ್ ಚೌಕದಷ್ಟು ಜಾಗ ಬಿತ್ತದೆ ಬಿಟ್ಟರೂ ಅದಕ್ಕೆ ಅನುಕೂಲ. ಕೆಲವು ರೈತರು ಬಿಡುತ್ತಾರೆ. ಇಷ್ಟೆಲ್ಲ ಗೊತ್ತಾದದ್ದು ಯಾರೋ ಮಾಮೂಲಿ ಹಕ್ಕಿಯನ್ನು ವರ್ಷ ವರ್ಷ ಎಣಿಸಿದ್ದರಿಂದ ತಾನೇ?

8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್ ಒಂದು ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಸಾಕು. ಜೇಬಿಗೆ ಹಿಡಿಸುವ ನೋಟ್‌ಬುಕ್, ಸೀಸದ ಕಡ್ಡಿ. ಇಲ್ಲಿನ ಜಿಟಿಜಿಟಿ ಮಳೆಗೆ ಪೆನ್ನು ಆಗೋದಿಲ್ಲ. ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಒಂದೇ ದಾರಿ ಆರಿಸಿಕೊಂಡು ವಾರಕ್ಕೊಮ್ಮೆ ಅದೇ ದಾರಿ ನಡೆಯಿರಿ. ಕಂಡದ್ದು, ಕೇಳಿದ್ದು ಎಲ್ಲವನ್ನೂ ಎಣಿಸಿ. ಕಾಲುದಾರಿ ಬಿಟ್ಟು ಪೈರಿನೊಳಗೆ ಇಳಿಯಬೇಡಿ, ಗೂಡು ನೆಲದಲ್ಲೇ ಇರುತ್ತದೆ. ಸಂಜೆ ಬರ್ಡ್‌ಟ್ರ್ಯಾಕ್ ಅನ್ನುವ ಹಕ್ಕಿ ದಾಖಲೆಯ ಜಾಲತಾಣಕ್ಕೆ ಪೂರ್ತಿ ಪಟ್ಟಿ ಹಾಕಿ.

ಮೊಬೈಲ್ ಆಪ್ ಹಾಡು ಕೇಳಿಸಿಕೊಂಡು ಹೇಳುವ ಹೆಸರನ್ನು ಹಾಗೇ ಬರೆಯಬೇಡಿ, ಕಿವಿಯಿಂದ ಕಲಿಯಿರಿ. ಚಿಫ್‌ಚಾಫ್, ವಿಲೋ ವಾರ್ಬ್ಲರ್ ನೋಡೋಕೆ ಹೆಚ್ಚುಕಮ್ಮಿ ಒಂದೇ. ಮೊದಲನೆಯದು ಎರಡೇ ಸ್ವರ ಕುಟ್ಟುತ್ತದೆ, ಎರಡನೆಯದರ ಹಾಡು ಇಳಿಜಾರಿನಲ್ಲಿ ಜಾರಿದ ಹಾಗೆ. ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1768ರಲ್ಲಿ ಈ ಬಳಗದ ಮೂರು ಹಕ್ಕಿಗಳನ್ನು ಬೇರೆ ಬೇರೆ ಅಂತ ಗುರುತಿಸಿದ್ದು ಮುಖ್ಯವಾಗಿ ಅವುಗಳ ದನಿಯಿಂದಲೇ.

ಒಂದೆರಡು ವರ್ಷ ಕಿವಿ ಪಳಗಿದ ಮೇಲೆ ಬ್ರೀಡಿಂಗ್ ಬರ್ಡ್ ಸರ್ವೆಗೆ, ಅಂದರೆ ಗೂಡು ಕಟ್ಟುವ ಹಕ್ಕಿಗಳನ್ನು ವರ್ಷ ವರ್ಷ ಎಣಿಸುವ ಸಮೀಕ್ಷೆಗೆ ಸೇರಿ. 1994ರಿಂದ ನಡೆಯುತ್ತಿದೆ. ಒಂದು ಕಿಲೋಮೀಟರ್ ಚೌಕ ಕೊಡುತ್ತಾರೆ, ವಸಂತದಲ್ಲಿ ಎರಡು ಬೆಳಗ್ಗೆ ಎಣಿಸಬೇಕು. ನನಗೆ ಸಿಕ್ಕಿರೋದು ರಿಡ್ಜ್‌ವೇ ಹಾದಿಯ ಹತ್ತಿರದ ಚೌಕ, ಅಲ್ಲಿ ಸ್ಕೈಲಾರ್ಕ್ ಇದೆ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗ್ಗೆ ಬರುವುದಿದ್ದರೆ ಬನ್ನಿ. ಆರು ಗಂಟೆಗೆ ಶುರು. ಹುಲ್ಲಿನ ಇಬ್ಬನಿಗೆ ಬೂಟು ನೆನೆಯುತ್ತದೆ, ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ.